ಅತ್ತೆ ಗುರುತು ಹಿಡಿದ ಶೇಡಿ

ಸಾಗರದ ಹತ್ತಿರ ನಮ್ಮದೊಂದು ಹಳೇ ಹಂಚಿನ ಮನೆ. ಬಾವಿ ಕಡೆಯ ಗೋಡೆಯಲ್ಲಿ ಬಿರುಕು. ಪ್ರತಿ ಬೇಸಿಗೆ ಸಿಮೆಂಟು ತುಂಬುತ್ತೇವೆ, ಮಳೆಗಾಲ ಮುಗಿಯುವುದರೊಳಗೆ ಮತ್ತೆ ಬಾಯಿ ಬಿಡುತ್ತದೆ. ಹಾಗಾಗಿ ಪಕ್ಕದಲ್ಲೇ ಹೊಸ ಮನೆ ಕಟ್ಟಲು ಹೊರಟಾಗ, ಮೊದಲು ಮಣ್ಣು ಪರೀಕ್ಷೆ ಆಗಲಿ ಎಂದು ನಾನು ಹಟ ಹಿಡಿದೆ.

"ಜಂಬಿಟ್ಟಿಗೆ ನೆಲ, ಪಿಕಾಸಿ ಹಾಕಿದ್ರೂ ಜಗ್ಗಲ್ಲ. ಇದಕ್ಯಾಕೆ ಪರೀಕ್ಷೆ? ಬೇಕಿದ್ರೆ ಪಾಯ ಇನ್ನೆರಡು ಅಡಿ ಆಳ ತೆಗೆಯೋಣ" ಎಂದರು ಮೇಸ್ತ್ರಿ. ಅಡಿಕೆ ಮಾರಿದ ದುಡ್ಡು ಲೆಕ್ಕದ್ದು. "ಒಂದು ಕೋಣೆಗೆ ಟೈಲ್ಸ್ ಆಗ್ತಿತ್ತು" ಎಂದು ಇವರೂ ಗೊಣಗಿದರು.

ದೀಪಾವಳಿ ಕಳೆದ ವಾರ ಹುಡುಗರು ಬಂದು ಮೂರು ಕಾಲಿನ ಕಬ್ಬಿಣದ ಚೌಕಟ್ಟು ನಿಲ್ಲಿಸಿದರು. ನೆಲಕ್ಕೆ ಕೊಳವೆ ಇಟ್ಟು, 63.5 ಕೆ.ಜಿ. ತೂಕವನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸುತ್ತಾರೆ. ಮೊದಲ 15 ಸೆಂ.ಮೀ. ಲೆಕ್ಕಕ್ಕಿಲ್ಲ, ಮುಂದಿನ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕೋ ಅದೇ ಮಣ್ಣಿನ ಗಟ್ಟಿತನದ ಅಳತೆ. ಒಂದೂವರೆ ಮೀಟರಿನಲ್ಲಿ 50 ಪೆಟ್ಟಿಗೂ ಕೊಳವೆ ಪೂರ್ತಿ ಇಳಿಯಲಿಲ್ಲ. ಮೇಸ್ತ್ರಿ ನನ್ನ ಮುಖ ನೋಡಿ ನಕ್ಕರು. ಮೂರು ಮೀಟರಿನಲ್ಲಿ ಎಂಟೇ ಪೆಟ್ಟಿಗೆ ಇಳಿದುಬಿಟ್ಟಿತು! ಕೊಳವೆಯಲ್ಲಿ ಬಂದದ್ದು ಬಿಳಿ ಬಣ್ಣದ ನುಣುಪು ಮಣ್ಣು.

ಅತ್ತೆ ಅದನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ಇದು ಶೇಡಿ ಅಲ್ದಾ? ಬಾವಿ ತೆಗೆಯುವಾಗ ಕಲ್ಲು ಮುಗಿದಿದ್ದೇ ಇದು ಬಂದಿತ್ತು. ನೀರು ತಾಗಿದ್ರೆ ಕುಸೀತಿತ್ತು. ಹಬ್ಬಕ್ಕೆ ಗೋಡೆ ಮೇಲೆ ಬರೀಲಿಕ್ಕೆ ಬುಟ್ಟಿ ತುಂಬಿ ಇಟ್ಕೊಂಡಿದ್ದೆ."

"ಮೊದಲೇ ಹೇಳಬಾರದಿತ್ತಾ ಅತ್ತೆ?"

"ನನ್ನ ಯಾರು ಕೇಳಿದ್ರು?"

ಇವರು ಸುಮ್ಮನಾದರು. ನಾನೂ.

ಮೇಲೆ ಜಂಬಿಟ್ಟಿಗೆ, ಅಡಿಯಲ್ಲಿ ಶೇಡಿ ಇರುವುದು ಮಳೆ ಹೆಚ್ಚು ಬೀಳುವ ನಮ್ಮ ಕಡೆ ಸಾಮಾನ್ಯವಂತೆ. ಶೇಡಿ ಒಣಗಿದಾಗ ಗಟ್ಟಿ, ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. "ಇಲ್ಲಿ ಆಳ ತೋಡಿದಷ್ಟೂ ಭದ್ರ ಅಲ್ಲ, ಮೇಲಿನ ಗಟ್ಟಿ ಪದರ ಕಳೆದುಕೊಳ್ತೀರಿ" ಎಂದರು ಎಂಜಿನಿಯರ್. ಇನ್ನೆರಡು ಕಡೆ ಕೊರೆದಾಗ, ದಿಬ್ಬದ ಕಡೆ ಜಂಬಿಟ್ಟಿಗೆ ದಪ್ಪವಾಗಿತ್ತು. ಮನೆಯನ್ನು ಅಲ್ಲಿಗೇ ಸರಿಸಿದೆವು. ಪಾಯವನ್ನು ಆಳ ಮಾಡದೆ ಅಗಲ ಮಾಡಿದೆವು. ಮಾಡಿನ ನೀರು, ಬಚ್ಚಲ ನೀರು ಪಾಯದ ಹತ್ತಿರ ಇಂಗದಂತೆ ಕಾಲುವೆ ತೆಗೆಸಿದೆವು.

ಎರಡು ಮಳೆಗಾಲ ಕಳೆದಿದೆ. ಹೊಸ ಗೋಡೆಯಲ್ಲಿ ಗೆರೆ ಮೂಡಿಲ್ಲ. ಒಂದು ಕೋಣೆಗೆ ಇನ್ನೂ ಟೈಲ್ಸ್ ಇಲ್ಲ, ಅಲ್ಲಿ ಅತ್ತೆ ಮಲಗುತ್ತಾರೆ. ಸಿಮೆಂಟು ನೆಲವೇ ಕಾಲಿಗೆ ಹಿತವಂತೆ. ನೀವೂ ಮನೆ ಕಟ್ಟುವವರಾದರೆ ಮಣ್ಣು ಪರೀಕ್ಷೆ ಮಾಡಿಸಿ. ಅದಕ್ಕೂ ಮೊದಲು, ನಿಮ್ಮ ಬಾವಿ ತೋಡುವುದನ್ನು ಕಂಡವರು ಮನೆಯಲ್ಲಿದ್ದರೆ ಒಂದು ಮಾತು ಕೇಳಿ.