ನ್ಯಾಸದ ಖಾತೆ

ಸತ್ಯಾಣುವ್ರತಕ್ಕೆ ತಗಲಬಹುದಾದ ಐದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ. ಅವುಗಳಲ್ಲಿ ನ್ಯಾಸಾಪಹಾರವೂ ಒಂದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸಿರುವ ಬಗೆ ವ್ಯಾಪಾರದಲ್ಲಿ ಬೆಳೆದವರಿಗೆ ಕೂಡಲೇ ಮನಸ್ಸಿಗೆ ಹತ್ತುವಂಥದು. ಹಣ ಇಟ್ಟವನು ತಾನು ಇಟ್ಟದ್ದು ಎಷ್ಟೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ‘ಅಷ್ಟೇ ಸರಿ’ ಎಂದು ಒಪ್ಪಿಬಿಡುತ್ತಾನೆ. ಕಳ್ಳತನ ನಡೆದಂತೆ ಹೊರಗೆ ಕಾಣುವುದಿಲ್ಲ. ಆದರೂ ವ್ರತಕ್ಕೆ ಕಲೆ ತಗಲಿತು. ಇಟ್ಟವನಿಗೆ ಮರೆವಾದಾಗ ನೆನಪಿಸಿ ಕೊಡುವುದು ಇಟ್ಟುಕೊಂಡವನ ಧರ್ಮ.

ಹಣವಲ್ಲದ ನ್ಯಾಸವೂ ಉಂಟು. ಅನಾಥಾಲಯದ ಬಾಗಿಲಿಗೆ ಬಂದ ಮಗುವಿನ ಹೆಸರು, ತಂದೆತಾಯಿಗಳ ಹೆಸರು, ಹುಟ್ಟಿದ ಊರು, ಮೈಮೇಲಿನ ಗುರುತು, ಇವನ್ನು ಯಾರೋ ಒಬ್ಬ ಕಾರಕೂನನು ಪುಸ್ತಕದಲ್ಲಿ ಬರೆದಿಡುತ್ತಾನೆ. ಮಗು ಅದನ್ನು ಮರೆಯುತ್ತದೆ. ಅಥವಾ ಅದಕ್ಕೆ ಗೊತ್ತೇ ಇರುವುದಿಲ್ಲ. ಪುಸ್ತಕವೊಂದೇ ನೆನಪಿಟ್ಟಿರುತ್ತದೆ. ಆ ಪುಸ್ತಕ ಯಾರ ಸ್ವತ್ತು ಎಂಬ ಪ್ರಶ್ನೆಗೆ ಬಸವನ ಬಾಗೇವಾಡಿಯ ಒಂದು ಶ್ರಾವಕ ಮನೆತನದ ಕಥೆ ಉತ್ತರವನ್ನು ಒದಗಿಸುತ್ತದೆ. ಸಂಬಂಧಪಟ್ಟ ಎರಡೂ ಕುಟುಂಬಗಳ ಒಪ್ಪಿಗೆಯಿಂದ, ಹೆಸರುಗಳನ್ನು ಬಿಟ್ಟು, ಅದನ್ನು ಇಲ್ಲಿ ನಿರೂಪಿಸಲಾಗಿದೆ.

ಆ ಮನೆಯವರದು ತಲೆಮಾರುಗಳಿಂದ ಕಾಳುಕಡಿಯ ವ್ಯಾಪಾರ. ದೀಪಾವಳಿಯಂದು ಭಗವಾನ್ ಮಹಾವೀರರ ನಿರ್ವಾಣ ಪೂಜೆ ಮುಗಿಸಿ ಹೊಸ ಖಾತೆ ಪುಸ್ತಕ ತೆರೆಯುವಾಗ, ಮನೆಯ ಅಜ್ಜನವರು ಹಳೆಯ ಪುಸ್ತಕದಿಂದ ಒಂದು ಬಾಕಿಯನ್ನು ತಪ್ಪದೆ ಮುಂದಕ್ಕೆ ತರುತ್ತಿದ್ದರು. ಮೋಡಿ ಲಿಪಿಯಲ್ಲಿ ಒಬ್ಬ ಹೆಣ್ಣುಮಗಳ ಹೆಸರು, ಎದುರಿಗೆ 14 ರೂಪಾಯಿ ಜಮಾ. ಬಾಲಕನಾಗಿದ್ದ ಮೊಮ್ಮಗ ಒಮ್ಮೆ ಕೇಳಿದಾಗ ಅಜ್ಜನವರು, “ಇದು ನಮ್ಮ ರೊಕ್ಕ ಅಲ್ಲಪ್ಪಾ, ಇಟಗೊಂಡದ್ದು” ಎಂದಷ್ಟೇ ಹೇಳಿದರು. ಅವರ ಕಡೆಗಾಲದಲ್ಲಿ ಮಾತ್ರ ಉಳಿದ ವಿಷಯ ಹೊರಬಿತ್ತು. ಆ ಹೆಸರು ಅವರ ತಂಗಿಯದು. ದುರ್ಮುಖಿ ಸಂವತ್ಸರದ ಬರದಲ್ಲಿ ತಾಯಿ ತೀರಿಕೊಂಡ ಮೇಲೆ, ತಂದೆ ಆರು ವರ್ಷದ ಮಗಳ ಬೆಳ್ಳಿಯ ಕಾಲ್ಗಡಗಗಳನ್ನು 14 ರೂಪಾಯಿಗೆ ಮಾರಿ ಜೋಳ ತಂದರು. ಆ ಹಣವನ್ನು ಮಗಳ ಹೆಸರಿಗೇ ಜಮಾ ಬರೆದರು. ಬಳಿಕ ಮಗಳನ್ನು ಬರಗಾಲದ ಕಾಮಗಾರಿಯ ಗಂಜಿಕೇಂದ್ರದ ಬಳಿ ದೂರದ ಬಂಧುವೊಬ್ಬಳ ವಶಕ್ಕೊಪ್ಪಿಸಿ, ಮಗನೊಂದಿಗೆ ಸೊಲ್ಲಾಪುರದ ಕಡೆಗೆ ದುಡಿಯಲು ಹೋದರು. ನಾಲ್ಕು ತಿಂಗಳ ನಂತರ ಮರಳಿ ಬಂದಾಗ ಗಂಜಿಕೇಂದ್ರ ಮುಚ್ಚಿತ್ತು. ಬಂಧು ಸತ್ತಿದ್ದಳು. ಮಕ್ಕಳನ್ನು ರೈಲಿನಲ್ಲಿ ಎಲ್ಲಿಗೋ ಕರೆದೊಯ್ದರೆಂಬ ಮಾತು ಮಾತ್ರ ಉಳಿದಿತ್ತು.

ವಿಜಯಪುರ ಸೀಮೆಗೆ ಬರ ಹೊಸದಲ್ಲ. 1876-78ರ ಧಾತು-ಈಶ್ವರ ಸಂವತ್ಸರಗಳ ಬರಕ್ಕೆ ಮುಂಚೆ, 1872ರ ಗಣತಿಯಲ್ಲಿ 8 ಲಕ್ಷಕ್ಕೆ ಮಿಕ್ಕಿದ್ದ ಅಂದಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ 1881ರ ಹೊತ್ತಿಗೆ 6 ಲಕ್ಷ 40 ಸಾವಿರದೊಳಗೆ ಇಳಿದಿತ್ತು. 1884ರಲ್ಲಿ ಹೋಟಗಿ-ಗದಗ ರೈಲುಮಾರ್ಗ ಪೂರ್ಣಗೊಂಡಿತು. 1896-97ರಲ್ಲಿ ಮತ್ತೆ ಬರ ಬಂದಾಗ ಮುಂಬಯಿ ಪ್ರಾಂತದ ಅತ್ಯಂತ ಪೀಡಿತ ಜಿಲ್ಲೆಗಳಲ್ಲಿ ಬಿಜಾಪುರವೂ ಸೇರಿತ್ತು. ಪ್ರಾಂತಗಳಲ್ಲೆಲ್ಲ ಅನಾಥರಾದ ಮಕ್ಕಳನ್ನು ಯಾರ ವಶಕ್ಕೆ ಕೊಡಬೇಕೆಂಬುದು ಆ ಕಾಲದ ದೊಡ್ಡ ವಿವಾದ. ಲಾಲಾ ಲಜಪತರಾಯರು ಇದೇ ವಿಷಯದಲ್ಲಿ ಉದ್ಯುಕ್ತರಾಗಿ, 1901ರ ಬರಗಾಲ ಆಯೋಗದ ಮುಂದೆ ಸಾಕ್ಷ್ಯ ನುಡಿದರು. ನಮ್ಮ ಸಮಾಜದ ಮಟ್ಟಿಗೆ ಹೇಳುವುದಾದರೆ, ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಸ್ಥಾಪನೆಯಾದದ್ದೇ 1899ರಲ್ಲಿ; ಈ ಹುಡುಗಿ ರೈಲು ಹತ್ತಿದ ಎರಡು ವರ್ಷಗಳ ಮೇಲೆ.

ಅಜ್ಜನವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ವ್ಯಾಪಾರದ ಭಾರವನ್ನು ಮಕ್ಕಳಿಗೆ ಒಪ್ಪಿಸಿದ ಮೊಮ್ಮಗ ಆ ಬಾಕಿಯನ್ನು ತೀರಿಸುವ ಸಂಕಲ್ಪ ಮಾಡಿದರು. ಅವರ ಅಕ್ಕನವರಿಗೆ ಇದು ಹಿಡಿಸಲಿಲ್ಲ. “ಈಗ ತಿಳಕೊಂಡು ಏನ್ ಮಾಡ್ತೀ ತಮ್ಮಾ? ಬಿಟ್ಟು ಬಂದವರು ನಾವು. ಹೋಗಿ ಏನಂತ ಹೇಳ್ತೀ?” ಎಂದರು. ಆ ಪ್ರಶ್ನೆಗೆ ತಮ್ಮನಲ್ಲಿ ಆಗ ಉತ್ತರವಿರಲಿಲ್ಲ.

ಮೊದಲನೆಯ ತೊಡಕು ಕಾಲನಿರ್ಣಯದ್ದು. ಅರವತ್ತು ಸಂವತ್ಸರಗಳು ತಿರುಗಿ ತಿರುಗಿ ಬರುವುದರಿಂದ ದುರ್ಮುಖಿ 1896-97ರಲ್ಲಿಯೂ ಇತ್ತು, 1956-57ರಲ್ಲಿಯೂ ಇತ್ತು. ಮನೆಯ ಹಿರಿಯರ ವಯಸ್ಸಿನೊಂದಿಗೆ ತಾಳೆ ನೋಡಿ ವರ್ಷವನ್ನು ಗೊತ್ತುಮಾಡಬೇಕಾಯಿತು. ಎರಡನೆಯ ತೊಡಕು ಆಡಳಿತದ್ದು. 1956ರ ನವೆಂಬರ 1ರವರೆಗೆ ಬಿಜಾಪುರವು ಮುಂಬಯಿ ಆಡಳಿತಕ್ಕೆ ಸೇರಿದ್ದರಿಂದ, ಬೆಂಗಳೂರಿನಲ್ಲಿ ಹುಡುಕಹೊರಟವರು ಮುಂಬಯಿಗೆ ಹೋಗಬೇಕಾಯಿತು. ಅಲ್ಲಿನ ಸರ್ಕಾರಿ ದಫ್ತರಗಳಲ್ಲಿ ಬರಗಾಲದ ಕಡತಗಳು ದೊರೆತವು. ಆದರೆ ಅವರು ನೋಡಿದ ಕಡತಗಳಲ್ಲಿ ಇದ್ದದ್ದು ಸಂಖ್ಯೆಗಳು: ಕಾಮಗಾರಿಯಲ್ಲಿ ಎಷ್ಟು ಜನ, ಗಂಜಿಗೆ ಎಷ್ಟು ಮಕ್ಕಳು. ಸರ್ಕಾರಕ್ಕೆ ಲೆಕ್ಕ ಬೇಕಾಗಿತ್ತು; ಹೆಸರು ಬೇಕಾಗಿರಲಿಲ್ಲ. ಹೆಸರನ್ನು ಬರೆದುಕೊಂಡವರು ಮಕ್ಕಳನ್ನು ಮನೆಯೊಳಗೆ ಇಟ್ಟುಕೊಂಡು ಅನ್ನ ಹಾಕಿದವರು.

ಆಕೆ ಮುಂದೆ ನಮ್ಮವರದೇ ಒಂದು ಸಂಸ್ಥೆಗೆ ಬಂದಿರಬಹುದೆಂಬ ಆಸೆಯಿಂದ ಅವರು ಹಳೆಯ ವಸತಿಗೃಹವೊಂದನ್ನೂ ವಿಚಾರಿಸಿದರು. ವ್ಯವಸ್ಥಾಪಕರು ಸಜ್ಜನರು, ಚಹಾ ಕೊಟ್ಟು ಕೂಡಿಸಿ, “ಗೆದ್ದಲು ಹಿಡದಿದ್ವರಿ. ಕಟ್ಟಡ ರಿಪೇರಿ ಮಾಡಿಸೂ ಮುಂದ ರದ್ದಿಗೆ ಹಾಕಿದ್ವಿ” ಎಂದರು. ದಾನಿಗಳ ಹೆಸರಿನ ಅಮೃತಶಿಲೆಯ ಫಲಕ ಗೋಡೆಯ ಮೇಲೆ ಹೊಳೆಯುತ್ತಿತ್ತು. ಅಲ್ಲಿ ಉಂಡು ಬೆಳೆದ ಮಕ್ಕಳ ಹೆಸರುಗಳು ತೂಕಕ್ಕೆ ಹೋಗಿದ್ದವು. ಅದನ್ನು ಮಾರಿದವರಲ್ಲಿ ಕೇಡಿನ ಬುದ್ಧಿ ಇರಲಿಲ್ಲ. ಆದರೆ ಪ್ರಮಾದವೇ ಹಿಂಸೆಯ ಮೂಲವೆಂದು ನಮ್ಮ ಶಾಸ್ತ್ರ ಹೇಳುವುದು ಇಂಥ ಸಂದರ್ಭಕ್ಕೇ ಅಲ್ಲವೇ?

ಕಡೆಗೆ ದಾರಿ ತೋರಿದ್ದು ಮಿಶನರಿಗಳ ದಾಖಲೆ. ಈ ಭಾಗದಲ್ಲಿ ಬಾಸೆಲ್ ಮಿಶನ್ನಿನವರು ಬೆಟಗೇರಿ, ಗುಳೇದಗುಡ್ಡ ಮುಂತಾದ ಕಡೆ ಕೆಲಸ ಮಾಡುತ್ತಿದ್ದರು. ಅವರ ವರದಿಗಳೂ ಪತ್ರಗಳೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿಯೂ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಲ್ಲಿಯೂ ಜೋಪಾನವಾಗಿವೆ. ಇತರ ಮಿಶನ್ನುಗಳ ಕಾಗದಪತ್ರಗಳೂ ಹಲವೆಡೆ ಉಳಿದಿವೆ. ಹೀಗೆ ಹುಡುಕುತ್ತ ಹೋದಾಗ, ರೈಲುಮಾರ್ಗಕ್ಕೆ ಹತ್ತಿರದ ಒಂದು ಹಳೆಯ ಅನಾಥಾಲಯದ ಪ್ರವೇಶ ಪುಸ್ತಕದಲ್ಲಿ ಬಾಗೇವಾಡಿ ತಾಲೂಕಿನ ಆರೇಳು ವರ್ಷದ ಒಬ್ಬ ಹುಡುಗಿ ಸಿಕ್ಕಳು. ತಂದೆಯ ಹೆಸರು ಅರ್ಧ ಕೆಟ್ಟಿತ್ತು. ಜಾತಿಯ ಕಾಲಮಿನಲ್ಲಿ ‘ಪಂಚಮ’ ಎಂದಿತ್ತು. ಮೊದಲು ಓದಿದವರು ಅದನ್ನು ಬೇರೆಯಾಗಿ ತಿಳಿದು ಪಕ್ಕಕ್ಕಿಟ್ಟಿದ್ದರು. ಮದರಾಸು ಪ್ರಾಂತದಲ್ಲಿ ಆ ಪದದ ಬಳಕೆ ಬೇರೆ. ಬೆಳಗಾವಿ-ವಿಜಯಪುರ-ಕೊಲ್ಲಾಪುರಗಳ ಕಡೆ ಚತುರ್ಥರಂತೆ ಪಂಚಮರೂ ಜೈನರೇ ಎಂಬುದನ್ನು ಅವರು ಅರಿತಿರಲಿಲ್ಲ. ಅದಷ್ಟರಿಂದಲೇ ನಿಶ್ಚಯಿಸದೆ ವರ್ತಕರು ಗುರುತಿನ ಕಾಲಮನ್ನು ನೋಡಿದರು. ಎಡ ಮುಂಗೈಯಲ್ಲಿ ಸುಟ್ಟ ಕಲೆ. ರೊಟ್ಟಿಯ ಹಂಚು ತಗಲಿ ತಂಗಿಯ ಕೈ ಸುಟ್ಟ ಮಾತನ್ನು ಅಜ್ಜನವರು ಹೇಳಿದ್ದರು. ಊರು, ತಂದೆಯ ಕಸುಬು, ಕೈಯ ಕಲೆ ಮೂರೂ ಕೂಡಿದವು. ಪಕ್ಕದಲ್ಲಿ ಹೊಸ ಹೆಸರು; ಮತ್ತೊಂದು ಪುಸ್ತಕದಲ್ಲಿ ಆ ಹೊಸ ಹೆಸರಿನ ಮದುವೆ, ಮಕ್ಕಳು.

ಸುದ್ದಿ ತಿಳಿದಾಗ ಬಂಧುಗಳಲ್ಲಿ ಎರಡು ಪಕ್ಷವಾಯಿತು. ವಂಶಾವಳಿಯಲ್ಲಿ ಅಚ್ಚುಹಾಕಿಸಿ ಬಸದಿಯಲ್ಲಿ ಪ್ರಕಟಿಸಬೇಕೆಂದರು ಕೆಲವರು. ಧರ್ಮ ಬಿಟ್ಟುಹೋದವರ ಹೆಸರೇ ಬೇಡವೆಂದರು ಕೆಲವರು. ಇಬ್ಬರೂ ಆ ಹೆಸರು ತಮ್ಮ ಸ್ವತ್ತೆಂದೇ ಭಾವಿಸಿದ್ದರು. ಆರು ವರ್ಷದ ಮಗು ಧರ್ಮವನ್ನು ಬಿಟ್ಟಿತೇ, ಅಥವಾ ಧರ್ಮವಂತರು ಅದರ ಕೈ ಬಿಟ್ಟರೇ ಎಂದು ವರ್ತಕರು ಕೇಳಿದಾಗ ಯಾರೂ ಮಾತನಾಡಲಿಲ್ಲ.

ಇಲ್ಲಿ ಅದೇ ಸತ್ಯಾಣುವ್ರತದ ಇನ್ನೆರಡು ಅತಿಚಾರಗಳು ನೆನಪಾಗಬೇಕು. ರಹೋಭ್ಯಾಖ್ಯಾನ, ಸಾಕಾರಮಂತ್ರಭೇದ: ಪರರ ಗುಟ್ಟನ್ನು ಬಯಲು ಮಾಡುವ ದೋಷಗಳು. ನ್ಯಾಸವನ್ನು ಅಡಗಿಸಿಡುವುದನ್ನು ನಿಷೇಧಿಸಿದ ವ್ರತವೇ ಅದನ್ನು ಬೀದಿಗೆ ಚೆಲ್ಲುವುದನ್ನೂ ನಿಷೇಧಿಸುತ್ತದೆ. ಕೊಡಬೇಕಾದದ್ದು ಇಟ್ಟವರಿಗೆ, ಅವರ ವಾರಸುದಾರರಿಗೆ; ನೆರೆದ ಸಭೆಗಲ್ಲ. ಇಂದಿನ ಕಾನೂನೂ ಇದೇ ದಾರಿಯಲ್ಲಿ ನಡೆದಿದೆ. 2015ರ ಬಾಲನ್ಯಾಯ ಕಾಯಿದೆ ಪಾಲನಾ ಸಂಸ್ಥೆಗಳ ನೋಂದಣಿಯನ್ನು ಕಡ್ಡಾಯ ಮಾಡಿ, ಮಗುವಿನ ಗುರುತನ್ನು ಬಹಿರಂಗಪಡಿಸುವುದನ್ನು ನಿಷೇಧಿಸಿದೆ. 2022ರ ದತ್ತಕ ನಿಯಮಗಳು ದತ್ತು ಹೋದವರಿಗೆ ತಮ್ಮ ಮೂಲವನ್ನು ಶೋಧಿಸುವ ಅವಕಾಶ ನೀಡಿವೆ. ಆದರೆ ಮೂರನೆಯವರಿಗೆ ಆ ಅಧಿಕಾರವಿಲ್ಲ, ಹೆತ್ತವರ ಗೋಪ್ಯವನ್ನೂ ಕಾಯಬೇಕು. ಆಸ್ಟ್ರೇಲಿಯಾ ಸರ್ಕಾರ 2009ರಲ್ಲಿ ಅನಾಥಾಲಯಗಳಲ್ಲಿ ನೊಂದು ಬೆಳೆದವರ ಕ್ಷಮೆ ಯಾಚಿಸಿತು; ಅವರು ತಮ್ಮ ದಾಖಲೆಗಳನ್ನು ಹುಡುಕಿಕೊಳ್ಳಲು ನೆರವಿನ ಏರ್ಪಾಡನ್ನೂ ಮಾಡಿತು. ದಾಖಲೆಯಿಲ್ಲದ ಕ್ಷಮಾಪಣೆ ಬರಿಯ ಮಾತೆಂದು ಅವರು ಅರಿತರು.

ವರ್ತಕರು ಒಂದೇ ಪತ್ರ ಬರೆದರು. ನೇರವಾಗಿ ಅಲ್ಲ, ದಾಖಲೆ ಕಾಯ್ದವರ ಮೂಲಕ. ತಮ್ಮ ಮುತ್ತಜ್ಜ ಮಗಳನ್ನು ಬಿಟ್ಟುಹೋದದ್ದನ್ನು ಮುಚ್ಚಿಡದೆ, ನಾಲ್ಕು ತಿಂಗಳ ಮೇಲೆ ಹುಡುಕಿ ಬಂದದ್ದನ್ನು ಹಿಗ್ಗಿಸದೆ ತಿಳಿಸಿದರು. ಖಾತೆಯ ಪುಟದ ಪ್ರತಿಯನ್ನು ಇಟ್ಟರು. ಉತ್ತರ ಬರೆಯುವುದೂ ಬಿಡುವುದೂ ತಮ್ಮ ಇಚ್ಛೆ ಎಂದು ಮುಗಿಸಿದರು. ಏಳು ತಿಂಗಳ ನಂತರ ಆಕೆಯ ಮೊಮ್ಮಗಳಿಂದ ಉತ್ತರ ಬಂತು. ಅಜ್ಜಿ ತವರಿನ ಬಗ್ಗೆ ಏನನ್ನೂ ಹೇಳಿರಲಿಲ್ಲವಂತೆ. ತನ್ನನ್ನು ಯಾರೂ ಹುಡುಕಲಿಲ್ಲವೆಂದೇ ತಿಳಿದು ತೀರಿಕೊಂಡರಂತೆ. ಆದರೆ ಅವರು ಬದುಕಿರುವವರೆಗೂ ದೀಪ ಹಚ್ಚುವ ಮೊದಲೇ ಊಟ ಮುಗಿಸುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಏನನ್ನೂ ತಿನ್ನುತ್ತಿರಲಿಲ್ಲ. ಅದು ಹೊಟ್ಟೆಯ ತೊಂದರೆಯಿಂದ ಎಂದು ಮನೆಯವರು ಎಣಿಸಿದ್ದರು. ಕಾರಣ ಬೇರೆ ಏನಾದರೂ ಇತ್ತೇ ಎಂದು ಆ ಹೆಣ್ಣುಮಗಳು ಕೇಳಿದ್ದರು.

ಪತ್ರವನ್ನು ಓದಿ ಕೇಳಿದ ಅಕ್ಕನವರು ಬಹಳ ಹೊತ್ತು ಸುಮ್ಮನಿದ್ದು, “ಬರಿ, ಕಾರಣ ಬರಿ” ಎಂದರಂತೆ.

ಬಸದಿಗಳ, ವಸತಿಗೃಹಗಳ, ಧರ್ಮಾದಾಯ ಸಂಸ್ಥೆಗಳ ವಿಶ್ವಸ್ತರಲ್ಲಿ ಇಷ್ಟೇ ವಿಜ್ಞಾಪನೆ. ತಮ್ಮ ಕಪಾಟುಗಳಲ್ಲಿರುವ ಹಳೆಯ ಪ್ರವೇಶ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿರಿ. ಮೋಡಿ ಬಲ್ಲ ಹಿರಿಯರು ಇರುವಾಗಲೇ ಅವನ್ನು ಓದಿಸಿ ಪ್ರತಿ ಮಾಡಿಸಿರಿ. ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಿ ಬೀಗದಲ್ಲಿಡಿರಿ. ಕುತೂಹಲದಿಂದ ಬಂದವರಿಗೆ ತೋರಿಸಬೇಡಿರಿ. ತನ್ನ ತಾಯಿತಂದೆಯರನ್ನು ಕೇಳಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳಿಸಬೇಡಿರಿ. ಅವರು ಕಡಿಮೆ ಕೇಳಿದರೂ ಪೂರ್ತಿಯಾಗಿ ಕೊಡಿರಿ.

ಆ 14 ರೂಪಾಯಿಯನ್ನು ಬಡ್ಡಿಸಹಿತ ಲೆಕ್ಕಹಾಕಿ, ಮೊಮ್ಮಗಳ ಅಪೇಕ್ಷೆಯಂತೆ ಅವರ ಊರಿನ ಅನಾಥ ಮಕ್ಕಳ ಊಟಕ್ಕೆ ಸಲ್ಲಿಸಲಾಯಿತು. ಮುಂದಿನ ದೀಪಾವಳಿಯಂದು ಬಾಗೇವಾಡಿಯ ಆ ಅಂಗಡಿಯಲ್ಲಿ ಹೊಸ ಪುಸ್ತಕ ತೆರೆದಾಗ, ಆಕೆಯ ಹುಟ್ಟುಹೆಸರಿನ ಎದುರಿಗೆ ‘ಸಂದಾಯ’ ಎಂದು ಬರೆದು ಖಾತೆಯನ್ನು ಮುಗಿಸಿದರು.