ನಮಗೆ ಬಿದ್ದ ಜುಲ್ಮಾನೆ



ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನದಲ್ಲಿ ಪರೀಕ್ಷೆಯ ಫಲಿತಾಂಶ, ಹೊಸ ಕಟ್ಟಡ, ಆಟದ ಬಹುಮಾನ ಮೊದಲಾದವುಗಳ ವೃತ್ತಾಂತವಿರುವುದು ವಾಡಿಕೆ. ಅವೆಲ್ಲವೂ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಇರುವುದರಿಂದ, ಈ ಸಾರಿ ನಮ್ಮದೇ ಒಂದು ತಪ್ಪಿನ ಕಥೆಯನ್ನು ಹೇಳಲು ನಿಮ್ಮ ಅಪ್ಪಣೆಯನ್ನು ಬೇಡುತ್ತೇವೆ. ೨೦೨೩ನೆಯ ಇಸವಿಯ ಬೇಸಗೆಯ ರಜೆಯಲ್ಲಿ, ಸ್ವಿಟ್ಸರ್ಲೆಂಡ್ ದೇಶದಲ್ಲಿ, ಬಾಡಿಗೆಯ ಕಾರನ್ನು ಮಿತಿಮೀರಿದ ವೇಗದಿಂದ ನಡೆಸಿದ ಕಾರಣ ನಮಗೆ ೧೨೦ ಫ್ರಾಂಕ್ ಜುಲ್ಮಾನೆ ಬಿತ್ತು.

ನಾವು ಹೋದದ್ದು ಬಾಸೆಲ್ ಪಟ್ಟಣಕ್ಕೆ. ೧೮೩೪ರಲ್ಲಿ ಮಂಗಳೂರಿಗೆ ಬಂದ ಮಿಶನರಿಗಳನ್ನು ಕಳುಹಿಸಿದ ಸಂಸ್ಥೆಯ ಹಳೆಯ ಕಾಗದಪತ್ರಗಳೂ ಛಾಯಾಚಿತ್ರಗಳೂ ಅಲ್ಲಿ ಜೋಪಾನವಾಗಿವೆ. ಅವನ್ನು ಕಣ್ಣಾರೆ ನೋಡಬೇಕೆಂಬುದು ನಮ್ಮ ಬಹುಕಾಲದ ಆಸೆಯಾಗಿತ್ತು. ಅಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನೂ ನಮ್ಮ ವೃದ್ಧ ತಾಯಿಯವರನ್ನೂ ತನ್ನ ಮನೆಯಲ್ಲಿ ಇರಿಸಿಕೊಂಡು ಮಗಳಂತೆ ಉಪಚರಿಸಿದಳು. ಆ ದೇಶದಲ್ಲಿ ರೈಲಿನ ಅನುಕೂಲ ಬಹಳ ಚೆನ್ನಾಗಿದೆ. ಆದರೂ ತಾಯಿಯವರ ಮೊಣಕಾಲು ನೋವಿನ ದೆಸೆಯಿಂದ, ಎಮ್ಮೆಂಟಾಲ್ ಎಂಬ ಗುಡ್ಡಗಾಡಿನ ಸೀಮೆಯನ್ನು ನೋಡಿ ಬರುವುದಕ್ಕಾಗಿ ಎರಡು ದಿನಗಳ ಮಟ್ಟಿಗೆ ಒಂದು ಸಣ್ಣ ಕಾರನ್ನು ಬಾಡಿಗೆಗೆ ತೆಗೆದುಕೊಂಡೆವು. ವಿದ್ಯಾರ್ಥಿನಿಯು ಕಾರು ನಡೆಸಲು ಕಲಿತವಳಲ್ಲ. ನಾವಾದರೋ ಇಪ್ಪತ್ತು ವರ್ಷಗಳಿಂದ ಕಾರು ನಡೆಸುತ್ತಿರುವವರು. ಊರಿನ ಸಾರಿಗೆ ಕಛೇರಿಯಿಂದ ಅಂತರರಾಷ್ಟ್ರೀಯ ಪರವಾನಗಿಯನ್ನೂ ಪಡೆದುಕೊಂಡು ಹೋಗಿದ್ದೆವು. ಬಾಡಿಗೆಯ ಕರಾರುಪತ್ರ ಅನೇಕ ಪುಟಗಳದ್ದಾಗಿತ್ತು. ಪ್ರಶ್ನೆಪತ್ರಿಕೆಯನ್ನು ಎರಡು ಸಾರಿ ಓದಿದ ಮೇಲೆಯೇ ಬರೆಯಲಾರಂಭಿಸಿರೆಂದು ವರ್ಷವರ್ಷವೂ ನಿಮಗೆ ಬೋಧಿಸಿದ ನಾವು, ಅದನ್ನು ಒಂದು ಸಾರಿಯೂ ಓದದೆ ರುಜು ಹಾಕಿದೆವು.

ಅಲ್ಲಿ ವಾಹನಗಳು ರಸ್ತೆಯ ಬಲಗಡೆಯಲ್ಲಿ ಸಾಗಬೇಕು. ನಮ್ಮ ಗಮನವೆಲ್ಲಾ ಅದರಲ್ಲಿಯೇ ಮುಳುಗಿತ್ತು. ವೇಗದ ಮಿತಿಯು ಹೆದ್ದಾರಿಯಲ್ಲಿ ಗಂಟೆಗೆ ೧೨೦ ಕಿಲೋಮೀಟರು, ಊರ ಹೊರಗೆ ೮೦, ಊರೊಳಗೆ ೫೦. ಇಷ್ಟನ್ನು ನಾವು ಬಾಯಿಪಾಠ ಮಾಡಿದ್ದೆವು. ಆದರೆ ಜನವಸತಿಯ ಅನೇಕ ಬೀದಿಗಳಲ್ಲಿ ಈ ಮಿತಿಯು ೩೦ಕ್ಕೆ ಇಳಿಯುತ್ತದೆ. ಅಂತಹ ವಲಯದ ಆರಂಭದಲ್ಲಿ ಒಂದು ಫಲಕವಿರುವುದು. ವಲಯ ಮುಗಿಯುವ ತನಕ ಅದೇ ಆಜ್ಞೆ. ಒಂದು ಹಳ್ಳಿಯಲ್ಲಿ ತಾಯಿಯವರು ಅಗಲವಾದ ಮಾಡಿನ ತೋಟದ ಮನೆಯೊಂದನ್ನೂ ಅದರ ಮುಂದೆ ಮೇಯುತ್ತಿದ್ದ ಹಸುಗಳನ್ನೂ ತೋರಿಸಿ ಮಾತನಾಡುತ್ತಿರಲಾಗಿ, ಆ ಫಲಕವು ನಮ್ಮ ಕಣ್ಣು ತಪ್ಪಿತು. ಬೀದಿ ಬರಿದಾಗಿತ್ತು. ಫಕ್ಕನೆ ಒಂದು ಬೆಳಕು ಮಿಂಚಿತು. "ಯಾರೋ ನಮ್ಮ ಪಟ ತೆಗೆದರಲ್ಲಾ!" ಎಂದು ತಾಯಿಯವರು ಸಂತೋಷಪಟ್ಟರು. ವಿದ್ಯಾರ್ಥಿನಿಯ ಮುಖ ಮಾತ್ರ ಸಪ್ಪಗಾಯಿತು.

ನಾವು ಊರಿಗೆ ಮರಳಿ, ಶಾಲೆಯು ಆರಂಭವಾದ ತರುವಾಯ, ಮೊದಲು ಬಾಡಿಗೆಯ ಕಂಪೆನಿಯಿಂದ ಈ-ಮೇಲ್ ಬಂತು. ಕಾರನ್ನು ನಡೆಸಿದವರು ಯಾರೆಂದು ಪೋಲೀಸರು ಕೇಳಿದ್ದರಿಂದ ನಮ್ಮ ಹೆಸರು ವಿಳಾಸಗಳನ್ನು ಕೊಟ್ಟಿರುವುದಾಗಿಯೂ, ಆ ಕೆಲಸದ ಬಾಬ್ತು ೪೦ ಫ್ರಾಂಕ್‌ಗಳನ್ನು ನಮ್ಮ ಕಾರ್ಡಿನಿಂದ ತೆಗೆದುಕೊಂಡಿರುವುದಾಗಿಯೂ ಅದರಲ್ಲಿತ್ತು. ನಾವು ಓದದೆ ರುಜು ಹಾಕಿದ ಪುಟಗಳಲ್ಲಿ ಆ ಷರತ್ತೂ ಇತ್ತು! ಕೆಲವು ವಾರಗಳ ಮೇಲೆ ಜರ್ಮನ್ ಭಾಷೆಯ ಕಾಗದ ಬಂತು. ವಿದ್ಯಾರ್ಥಿನಿಯು ಅದನ್ನು ಓದಿ ತಿಳಿಸಿದಳು: ಸಮಯ ಬೆಳಿಗ್ಗೆ ೧೧ ಗಂಟೆ ೪೨ ನಿಮಿಷ, ಯಂತ್ರವು ಅಳೆದ ವೇಗ ೪೩, ಅಳತೆಯ ದೋಷಕ್ಕಾಗಿ ಕಳೆದದ್ದು ೫, ಉಳಿದದ್ದು ೩೮, ಮೀರಿದ್ದು ೮. ಊರೊಳಗೆ ೫ ಕಿಲೋಮೀಟರಿನ ತನಕ ಮೀರಿದರೆ ೪೦ ಫ್ರಾಂಕ್, ೬ರಿಂದ ೧೦ರ ತನಕ ೧೨೦, ೧೧ರಿಂದ ೧೫ರ ತನಕ ೨೫೦. ಅದಕ್ಕೂ ಹೆಚ್ಚಾದರೆ ಈ ಬಗೆಯ ನಿಗದಿಯಾದ ದಂಡವಲ್ಲ, ಮೊಕದ್ದಮೆಯೇ. ನಮ್ಮ ಪಾಲಿನ ೧೨೦ ಫ್ರಾಂಕ್ ನಮ್ಮ ಹಣದಲ್ಲಿ ಸುಮಾರು ೧೧,೦೦೦ ರೂಪಾಯಿಗಳಾಗಿತ್ತು. ಅದನ್ನು ಸಲ್ಲಿಸಲು ೩೦ ದಿನಗಳ ವಾಯಿದೆ.

ಆ ಕಾಗದವನ್ನು ಹಿಡಿದುಕೊಂಡು ನಾವು ಆಡಿದ ಮಾತುಗಳನ್ನು ಇಲ್ಲಿ ಮರೆಮಾಚುವುದಿಲ್ಲ. "ನಮಗೆ ತಿಳಿದಿರಲಿಲ್ಲ." "ಎಂಟೇ ಕಿಲೋಮೀಟರು." "ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ." "ನಮ್ಮ ಮುಂದಿನ ಕಾರೂ ಹಾಗೆಯೇ ಹೋಯಿತು." ಹಿತೈಷಿಯೊಬ್ಬರು, "ತಾವು ಪುನಃ ಆ ದೇಶಕ್ಕೆ ಹೋಗುವವರೇ? ಸುಮ್ಮನೆ ಬಿಟ್ಟುಬಿಡಿ" ಎಂದು ಬುದ್ಧಿ ಹೇಳಿದರು. ಎರಡು ದಿನಗಳ ತನಕ ಆ ಬುದ್ಧಿಮಾತು ನಮಗೂ ರುಚಿಸಿತೆಂಬುದನ್ನು ಒಪ್ಪಿಕೊಳ್ಳುತ್ತೇವೆ. ಆ ಮೇಲೆ ವಿದ್ಯಾರ್ಥಿನಿಯು ಇನ್ನೊಂದು ಸಂಗತಿಯನ್ನು ತಿಳಿಸಿದಳು. ಆ ಬೀದಿಯ ತಿರುವಿನಾಚೆ ಒಂದು ಪ್ರಾಥಮಿಕ ಶಾಲೆಯಿತ್ತು. ಅಲ್ಲಿನ ಮಕ್ಕಳು ಮಧ್ಯಾಹ್ನದ ಊಟಕ್ಕೆ ಮನೆಗೆ ನಡೆದೇ ಹೋಗುತ್ತಾರೆ. ಕಿಂಡರ್‌ಗಾರ್ಟನ್ನಿನ ಚಿಕ್ಕವರು ಹೊಳೆಯುವ ಪಟ್ಟಿಯೊಂದನ್ನು ಕೊರಳಿಗೆ ಹಾಕಿಕೊಂಡು, ಹಿರಿಯರ ಕೈಹಿಡಿಯದೆ ತಮ್ಮಷ್ಟಕ್ಕೆ ಬರುವುದುಂಟು. ಕಾರಿನ ಚಕ್ರಗಳು ಪೂರ್ತಿಯಾಗಿ ನಿಂತ ಬಳಿಕವೇ ರಸ್ತೆಗೆ ಕಾಲಿಡಬೇಕೆಂದು ಅವರಿಗೆ ಕಲಿಸಿರುತ್ತಾರೆ. ನಾವು ಆ ದಾರಿಯಲ್ಲಿ ಹೋದದ್ದು ಅವರು ಹೊರಬೀಳುವುದಕ್ಕೆ ಸ್ವಲ್ಪವೇ ಮುಂಚೆ.

ನಮ್ಮ ವಿಜ್ಞಾನದ ಅಧ್ಯಾಪಿಕೆಯು ಈ ಲೆಕ್ಕವನ್ನು ಒಂಬತ್ತನೆಯ ತರಗತಿಯ ಹಲಗೆಯ ಮೇಲೆ ಬರೆದಳು. ಮಗುವನ್ನು ಕಂಡು ಬ್ರೇಕು ತುಳಿಯಲು ಒಂದು ಸೆಕೆಂಡು ಹಿಡಿಯುವುದೆಂದೂ ರಸ್ತೆ ಒಣಗಿರುವುದೆಂದೂ ಇಟ್ಟುಕೊಂಡರೆ, ೩೦ರ ವೇಗದ ಕಾರು ಸುಮಾರು ೧೩ ಮೀಟರಿನಲ್ಲಿ ನಿಲ್ಲುವುದು. ೩೮ರ ವೇಗದ ಕಾರಿಗೆ ೧೮ ಮೀಟರಿಗೂ ಹೆಚ್ಚು ಬೇಕು. ಅಷ್ಟೇ ಅಲ್ಲ; ಮೊದಲನೆಯ ಕಾರು ನಿಂತುಬಿಟ್ಟ ಸ್ಥಳದಲ್ಲಿ ಎರಡನೆಯದು ಇನ್ನೂ ಸುಮಾರು ೩೦ರ ವೇಗದಲ್ಲಿ ಓಡುತ್ತಿರುವುದು. ಹುಡುಗಿಯರು ಉತ್ತರವನ್ನು ನಂಬದೆ ಎರಡು ಸಾರಿ ಗುಣಿಸಿದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮಗೆ "ಎಂಟೇ ಕಿಲೋಮೀಟರು" ಎಂಬ ಮಾತು ಪುನಃ ಬಾಯಿಗೆ ಬರಲಿಲ್ಲ. ಆ ಸಂಜೆಯೇ ಜುಲ್ಮಾನೆಯನ್ನು ಪೂರ್ತಿಯಾಗಿ ಸಲ್ಲಿಸಿದೆವು.

ಕಥೆಯು ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ನಾವು ಆಡಿದ ಆ ನಾಲ್ಕು ಮಾತುಗಳು ಹೊಸವಲ್ಲ. ಎರಡನೆಯ ಗಂಟೆ ಹೊಡೆದ ಮೇಲೆ ಬಂದ ಹುಡುಗಿಯರು ನಮ್ಮ ಕಛೇರಿಯ ಬಾಗಿಲಲ್ಲಿ ಆಡುತ್ತಿದ್ದ ಮಾತುಗಳೇ. ತಡವಾಗಿ ಬಂದವರಿಗೆ ೫ ರೂಪಾಯಿ ಜುಲ್ಮಾನೆಯೆಂಬ ನಿಯಮವಿದ್ದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ೨೦೧೮ರಲ್ಲಿ ಹತ್ತನೆಯ ತರಗತಿಯಲ್ಲಿದ್ದ ಒಬ್ಬಳು ಒಂದೇ ಅವಧಿಯಲ್ಲಿ ಏಳು ಸಾರಿ ತಡವಾಗಿ ಬಂದಳು. ಏಳು ಸಾರಿಯೂ ಏನನ್ನೂ ಹೇಳದೆ ನಾಣ್ಯವನ್ನು ಮೇಜಿನ ಮೇಲೆ ಇಟ್ಟಳು. ನಾವು ರಶೀದಿ ಬರೆದೆವು, ತಲೆಯೆತ್ತಿ ಕೇಳಲಿಲ್ಲ. ಆಕೆಯ ತಾಯಿ ಗೇರುಬೀಜದ ಕಾರ್ಖಾನೆಗೆ ನಸುಕಿನಲ್ಲಿಯೇ ಹೋಗುತ್ತಿದ್ದಳೆಂದೂ, ಈಕೆಯು ತಮ್ಮನಿಗೆ ಉಣಿಸಿ, ಅಂಗನವಾಡಿಯ ಬಾಗಿಲು ತೆರೆಯುವ ತನಕ ಕಾದು, ಅವನನ್ನು ಒಳಗೆ ಬಿಟ್ಟು ಓಡಿ ಬರುತ್ತಿದ್ದಳೆಂದೂ ಬೀಳ್ಕೊಡುಗೆಯ ದಿವಸ ತರಗತಿಯ ಅಧ್ಯಾಪಿಕೆಯಿಂದ ತಿಳಿಯಬಂತು. ಆಗ ನಾವು "ನಿಯಮವು ಎಲ್ಲರಿಗೂ ಒಂದೇ" ಎಂದು ಉತ್ತರಕೊಟ್ಟೆವು.

ಆ ಹಳ್ಳಿಯ ಬೀದಿಯ ಯಂತ್ರಕ್ಕೆ ಕಣ್ಣುಂಟು, ಕಿವಿಯಿಲ್ಲ. ಅದು ಅದರ ದೋಷವಲ್ಲ. ಕಾರಿನೊಳಗೆ ಇದ್ದವರು ಹಸು ನೋಡುತ್ತಿದ್ದರೇ ಎಂದು ಕೇಳುವುದು ಅದರ ಕೆಲಸವಲ್ಲ, ಕೇಳಿದ್ದರೂ ನಮ್ಮ ತಪ್ಪು ತಪ್ಪೇ. ಆದರೆ ನಮಗೆ ದೇವರು ಕಿವಿಯನ್ನು ಕೊಟ್ಟಿದ್ದಾನೆ; ಇಷ್ಟು ವರ್ಷ ಆ ಮೇಜಿನ ಮುಂದೆ ನಾವೂ ಯಂತ್ರದಂತೆಯೇ ಕುಳಿತಿದ್ದೆವು.

ಗಂಟೆಯು ಈಗಲೂ ಅದೇ ಹೊತ್ತಿಗೆ ಹೊಡೆಯುತ್ತದೆ, ಸಮಯಪಾಲನೆಯ ನಿಯಮವೂ ಇದೆ. ೨೦೨೩ರ ದಸರಾ ರಜೆಯ ತರುವಾಯ ಜುಲ್ಮಾನೆಯನ್ನು ನಿಲ್ಲಿಸಿದ್ದೇವೆ. ತಡವಾಗಿ ಬಂದವಳನ್ನು ಕುಳ್ಳಿರಿಸಿ, ಕಾರಣವನ್ನು ಕೇಳಿ, ಬರೆದಿಡುತ್ತೇವೆ. ಕೆಲವರ ಕಾರಣ ಬರಿಯ ಸೋಮಾರಿತನವೇ. ಅಂಥವರಿಗೆ ಸಂಜೆ ಅರ್ಧ ಗಂಟೆಯ ಕೆಲಸವುಂಟು.

ಆ ಹುಡುಗಿಯ ಈಗಿನ ವಿಳಾಸ ನಮ್ಮಲ್ಲಿಲ್ಲ. ಈ ಪುಟವು ಆಕೆಯ ಕೈಗೆ ಬಂದರೆ, ಅಥವಾ ಆಕೆಯನ್ನು ಬಲ್ಲ ನಿಮ್ಮಲ್ಲಿ ಯಾರಾದರೂ ತಿಳಿಸಿದರೆ, ಒಂದು ಸಾರಿ ಶಾಲೆಗೆ ಬರಬೇಕೆಂದು ನಮ್ಮ ಪ್ರಾರ್ಥನೆ. ಆಕೆಯ ೩೫ ರೂಪಾಯಿಗಳು ಕಛೇರಿಯ ಕಪಾಟಿನಲ್ಲಿ ಒಂದು ಲಕೋಟೆಯಲ್ಲಿವೆ. ಎಷ್ಟು ಹೊತ್ತಿಗೆ ಬಂದರೂ ತಡವಾಗಲಿಲ್ಲ.