ಪಟ್ಟಾ ಇದೆ, ಇನ್ನೇನು ಬೇಕು?

ನಮ್ಮ ದೊಡ್ಡಪ್ಪನಿಗೆ ದೇವರ ಮೇಲೆ ಇದ್ದಷ್ಟೇ ನಂಬಿಕೆ ಪಟ್ಟಾದ ಮೇಲೂ ಇತ್ತು. ಎರಡೂ ಒಂದೇ ಟ್ರಂಕಿನಲ್ಲಿದ್ದವು. ಅಮಾವಾಸ್ಯೆಗೆ ಟ್ರಂಕು ತೆರೆದರೆ ಪಾಲಮಲೆ ಸಿದ್ಧೇಶ್ವರನ ಪಟಕ್ಕೂ ಸೇಲಂ ಜಿಲ್ಲೆಯ ಮೇಚೇರಿ ರಸ್ತೆಯ ಹೊಲದ ಪಟ್ಟಾಗೂ ಸೇರಿ ಒಂದೇ ಊದುಬತ್ತಿ. ಪಟ್ಟಾ ತಮಿಳಿನಲ್ಲಿತ್ತು, ಪೂಜೆ ಕನ್ನಡದಲ್ಲಿ ನಡೆಯುತ್ತಿತ್ತು. ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಹೊಲದ ಮೂಲೆಯಲ್ಲಿ ನಾನೊಂದು ಮನೆ ಕಟ್ಟಿಕೊಳ್ಳುತ್ತೇನೆ, ಅದಕ್ಕೆ ಅನುಮತಿ ಮಾಡಿಸಬೇಕು ಎಂದಾಗ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪಟ್ಟಾ ಇದೆಯಲ್ಲೋ, ಇನ್ನೇನು ಬೇಕು? ನಮ್ಮ ಹೊಲದಲ್ಲಿ ಮನೆ ಕಟ್ಟೋಕೆ ಯಾರಪ್ಪಣೆ?" ಅಂದರು.

ಮಾತಿನಲ್ಲಿ ಗರ್ವ ಇತ್ತು, ನಿಜ. ಆದರೆ ಆ ಗರ್ವಕ್ಕೆ ಇನ್ನೂರು ವರ್ಷಗಳ ಬುಡವೂ ಇದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸೇಲಂ ಮತ್ತು ಬಾರಾಮಹಲುಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಆಡಳಿತಕ್ಕೆ ಬಂದವನು ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್. ಅವನ ಕೈಕೆಳಗೆ ಬಂದ ಸಿಪಾಯಿ ಅಧಿಕಾರಿಗಳಲ್ಲಿ ಥಾಮಸ್ ಮನ್ರೋ ಒಬ್ಬ. ಧರ್ಮಪುರಿಯಲ್ಲಿ ಅವನು ಏಳು ವರ್ಷ ಇದ್ದ. ಇವರು ಹೊಲ ಹೊಲ ಅಳೆಸಿ, ಈ ನೆಲ ಇಂಥವನ ಹೆಸರಿಗೆ, ಇಷ್ಟು ಕಂದಾಯ ಎಂದು ರೈತನೊಂದಿಗೇ ನೇರ ಲೆಕ್ಕ ಇಟ್ಟುಕೊಂಡರು. ಮುಂದೆ ಮನ್ರೋ ಮದ್ರಾಸಿನ ಗವರ್ನರ್ ಆದಾಗ ಇಡೀ ಪ್ರಾಂತಕ್ಕೆ ಹಬ್ಬಿಸಿದ ರೈತವಾರಿ ಪದ್ಧತಿ ಕಣ್ಣು ಬಿಟ್ಟದ್ದು ಈ ಕೆಂಪು ಮಣ್ಣಿನಲ್ಲಿ. ನಡುವೆ ಜಮೀನ್ದಾರನಿಲ್ಲ, ಗುತ್ತಿಗೆದಾರನಿಲ್ಲ. ರೈತನ ಕೈಯಲ್ಲೊಂದು ಕಾಗದ. ಅದನ್ನು ಟ್ರಂಕಿನಲ್ಲಿಟ್ಟು ಪೂಜೆ ಮಾಡಿದರೆ ತಪ್ಪೇನು?

ಆದರೆ ಕಂಪನಿಗೆ ಬೇಕಾಗಿದ್ದುದು ಒಂದೇ ಪ್ರಶ್ನೆಗೆ ಉತ್ತರ: ಈ ಹೊಲದ ಕಂದಾಯ ಯಾರು ಕಟ್ಟುತ್ತಾರೆ? ಅಲ್ಲಿ ಏನು ಕಟ್ಟಬಹುದು, ಎಷ್ಟೆತ್ತರ, ಪಕ್ಕದವನ ಗಾಳಿ ಬೆಳಕಿಗೆ ಎಷ್ಟು ಜಾಗ ಬಿಡಬೇಕು ಎಂದು ಅವರು ಕೇಳಲೂ ಇಲ್ಲ, ಪಟ್ಟಾ ಹೇಳಲೂ ಇಲ್ಲ. ಆ ಪ್ರಶ್ನೆ ಹುಟ್ಟಿದ್ದು ಬಹಳ ತಡವಾಗಿ, ಪೇಟೆಗಳಲ್ಲಿ. ನ್ಯೂಯಾರ್ಕಿನಲ್ಲಿ ಒಂದು ದೈತ್ಯ ಕಟ್ಟಡದ ನೆರಳು ಸುತ್ತಲ ಬೀದಿಗಳ ಮೇಲೆ ಬಿದ್ದ ಗಲಾಟೆಯ ಬೆನ್ನಿಗೆ 1916ರಲ್ಲಿ ವಲಯಗಳ ಕಾನೂನು ಬಂತು. ನಮ್ಮ ಮದ್ರಾಸ್ ಪ್ರಾಂತಕ್ಕೆ ನಗರ ಯೋಜನಾ ಕಾಯ್ದೆ ಬಂದದ್ದು 1920ರಲ್ಲಿ. ಈಗ ನಡೆಯುತ್ತಿರುವುದು ತಮಿಳುನಾಡಿನ 1971ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆ.

ನಮ್ಮ ಮೆಟ್ಟೂರಿನವರಿಗೆ ಇಂಥ ಕಾನೂನಿನ ಅಗತ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಣೆಕಟ್ಟೆಯ ನೀರು, ಕರೆಂಟು ನೋಡಿಕೊಂಡು 1936ರಲ್ಲಿ ರಾಸಾಯನಿಕ ಕಾರ್ಖಾನೆ ಬಂತು, ಅರವತ್ತರ ದಶಕದಲ್ಲಿ ಅಲ್ಯುಮಿನಿಯಂ, ಆಮೇಲೆ ಉಷ್ಣ ವಿದ್ಯುತ್ ಸ್ಥಾವರ. ಹೊಗೆ ಕೊಳವೆಯ ಬುಡದಲ್ಲಿ ಬಾಲವಾಡಿ ಇರಬಾರದು, ಬಾಲವಾಡಿಯ ಪಕ್ಕ ಕ್ಲೋರಿನ್ ಟ್ಯಾಂಕ್ ಏಳಬಾರದು. ಇದಕ್ಕೆಂದು ನಕ್ಷೆಗೆ ಬಣ್ಣ ಹಾಕುವ ಸರ್ಕಾರವನ್ನು ನಾನಂತೂ ಬೈಯಲಾರೆ. ಬೈಯುವುದಿದ್ದರೆ, ಆ ಬಣ್ಣದ ನಕ್ಷೆ ರೈತನ ಕಣ್ಣಿಗೆ ಬೀಳದಂತೆ ಇಡುವುದಕ್ಕೆ ಬೈಯಬೇಕು.

ನೆಲ ಇದ್ದರೂ ಹಕ್ಕು ಇಲ್ಲದಿರುವುದು ನಮ್ಮ ಮನೆಗೆ ಹೊಸದೇನಲ್ಲ. ಪಾಲಮಲೆ ಸೀತಾಮಲೆಗಳ ನಡುವೆ ಕಾವೇರಿಗೆ ಅಡ್ಡ ಗೋಡೆ ಎದ್ದದ್ದು 1925ರಿಂದ 1934ರವರೆಗೆ. ತಾತನ ಮೂಲ ಹೊಲ ಪಣ್ಣವಾಡಿ ಕಡೆ ಇತ್ತು, ಮುಳುಗಿತು. ಪರಿಹಾರದ ದುಡ್ಡಿನಲ್ಲಿ ಕೊಂಡದ್ದೇ ಮೇಚೇರಿ ಕಡೆಯ ಈ ಪುಂಜೆ, ಅಂದರೆ ಒಣ ಹೊಲ. 120 ಅಡಿಯ ಜಲಾಶಯ ಬೇಸಿಗೆಯಲ್ಲಿ ಚೆನ್ನಾಗಿ ಇಳಿದರೆ ಮೊದಲು ಹಳೆಯ ಇಗರ್ಜಿಯ ಗೋಪುರ, ಆಮೇಲೆ ಜಲಕಂಠೇಶ್ವರನ ನಂದಿ ಮೇಲೇಳುತ್ತವೆ. ಜನ ತೆಪ್ಪ ಹತ್ತಿ ಹೋಗಿ ನಂದಿಗೆ ಹೂ ಇಟ್ಟು ಬರುತ್ತಾರೆ. ಹೂಳು ಕಂಡ ಕೂಡಲೇ ಸುತ್ತಲಿನವರು ನೇಗಿಲು ಹೂಡಿ ಏನಾದರೂ ಬಿತ್ತುತ್ತಾರೆ. ಗೊಬ್ಬರವೇ ಬೇಡದ ಮಣ್ಣು. ದೊಡ್ಡಪ್ಪ ಪ್ರಾಯದಲ್ಲಿ ಅಲ್ಲಿ ರಾಗಿ ಬೆಳೆದಿದ್ದರಂತೆ, ಅದೂ ತಮ್ಮ ಅಪ್ಪನ ಹೊಲ ಇದ್ದ ಜಾಗ ಇದೇ ಎಂದು ಗುರುತು ಹಿಡಿದು. ಆದರೆ ಆ ನೆಲ ಈಗ ಸರ್ಕಾರದ್ದು, ಜಲಾಶಯದ್ದು. ನೀರು ಏರಿತೆಂದರೆ ರಾಗಿಯೂ ಹೋಯಿತು, ಕೇಳುವ ಬಾಯಿಯೂ ಹೋಯಿತು. "ಅಲ್ಲಿ ಪಟ್ಟಾ ಇರಲಿಲ್ಲ, ಬೆಳೆ ಇತ್ತು. ಇಲ್ಲಿ ಪಟ್ಟಾ ಇದೆ, ಮನೆ ಇಲ್ಲ ಅಂತೀಯ" ಎಂದು ಅವರು ನಕ್ಕದ್ದು ನನಗೆ ಇವತ್ತಿಗೂ ಸರಿಯಾದ ಟೀಕೆ ಎನ್ನಿಸುತ್ತದೆ.

ಮನೆಯ ಅನುಮತಿಗೆ ಓಡಾಟ ಶುರುವಾಯಿತು. ಕಂದಾಯ ದಾಖಲೆಯಾದ ಚಿಟ್ಟಾದಲ್ಲಿ ಪುಂಜೆ ಎಂದಿತ್ತು; ನೀರಾವರಿಯ ನಂಜೆ ಆಗಿದ್ದರೆ ಇನ್ನೂ ಕಷ್ಟ ಎಂದರು ಗ್ರಾಮ ಆಡಳಿತಾಧಿಕಾರಿ. ಎಫ್‌ಎಂಬಿ ಎಂಬ ಹೊಲದ ಅಳತೆ ನಕ್ಷೆ ತೆಗೆಸಿ ನೋಡಿದರೆ ನಾವು ದಾರಿ ಎಂದುಕೊಂಡಿದ್ದದ್ದು ಪಕ್ಕದವರ ಬದು! ದಾರಿಯಿಲ್ಲದ ಜಾಗಕ್ಕೆ ಮನೆಯ ಅನುಮತಿ ಇಲ್ಲ. ಕರ್ನಾಟಕದಲ್ಲಾದರೆ ಕೃಷಿ ಜಮೀನಿಗೆ ಜಿಲ್ಲಾಧಿಕಾರಿಯ ಪರಿವರ್ತನೆ ಆದೇಶ ಎನ್ನುತ್ತಾರೆ. ಇಲ್ಲಿ ಅದು ಬೇರೆ ಹಾದಿ. ನೆಲ ಮಾಸ್ಟರ್ ಪ್ಲಾನಿನೊಳಗಿದ್ದರೆ ಯಾವ ವಲಯ ಎಂದು ನೋಡಬೇಕು, ವಲಯ ಬದಲಿಸಲು ಬೇರೆಯೇ ಅರ್ಜಿ. ಪ್ಲಾನಿನ ಹೊರಗಿದ್ದರೆ 2017ರ ಭೂಬಳಕೆ ಬದಲಾವಣೆ ನಿಯಮಗಳ ಪ್ರಕಾರ ನಗರ ಮತ್ತು ಗ್ರಾಮ ಯೋಜನಾ ನಿರ್ದೇಶನಾಲಯಕ್ಕೆ (ಡಿಟಿಸಿಪಿ) ಅರ್ಜಿ. ಕೃಷಿ ಇಲಾಖೆ, ತಾಲೂಕಾಫೀಸು ಎರಡರ ಅಭಿಪ್ರಾಯವೂ ಬೇಕು. ಕಟ್ಟಡದ ಅಳತೆಗಳಿಗೆ 2019ರ ಏಕೀಕೃತ ನಿಯಮಗಳು. ಏರ್ಕಾಡಿನಂಥ ಮಲೆಯೂರುಗಳಿಗಾದರೆ 1990ರಿಂದ ಬೆಟ್ಟಪ್ರದೇಶ ಸಂರಕ್ಷಣಾ ಪ್ರಾಧಿಕಾರದ ಒಪ್ಪಿಗೆ ಬೇರೆ.

ಇಷ್ಟರ ನಡುವೆ ಪಕ್ಕದ ಹೊಲ ಸೈಟುಗಳಾಯಿತು. ಬಣ್ಣದ ಬಾವುಟ, ಬಿಳಿ ಕಲ್ಲು, ಮೇಚೇರಿ ಬಸ್‌ಸ್ಟ್ಯಾಂಡ್ ಕೂಗಳತೆ ಎಂಬ ಬೋರ್ಡು. ಬಾವುಟಕ್ಕೆ ಮರುಳಾಗುವ ಕಾಲ ಮುಗಿದಿದೆ ಎಂದು ಸೈಟು ಕೊಂಡವರಿಗೆ ಗೊತ್ತಿರಲಿಲ್ಲ. ಅನುಮೋದನೆಯಿಲ್ಲದ ಬಡಾವಣೆಗಳ ನೋಂದಣಿಗೆ 2016ರ ಸೆಪ್ಟೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ತಡೆ ಹಾಕಿತು. ಮುಂದಿನ ವರ್ಷ ಸಕ್ರಮಕ್ಕೆ ನಿಯಮ ಬಂತು, ಅದೂ 2016ರ ಅಕ್ಟೋಬರ್ 20ರೊಳಗೆ ನೋಂದಣಿಯಾದ ಸೈಟುಗಳಿಗೆ. ಸರಿಯಾದ ಬಡಾವಣೆಯಲ್ಲಿ ರಸ್ತೆಗಳನ್ನು ಸ್ಥಳೀಯ ಸಂಸ್ಥೆಗೆ ದಾನಪತ್ರ ಮಾಡಿಕೊಡಬೇಕು, ದೊಡ್ಡ ಬಡಾವಣೆಯಾದರೆ ಹತ್ತನೇ ಒಂದು ಪಾಲು ಬಯಲು ಬಿಡಬೇಕು. ಬೆಂಗಳೂರಿನಲ್ಲಿ ಬಿ ಖಾತಾ ಹಿಡಿದು ಅಲೆದ ನನ್ನ ಅಕ್ಕ ಇದನ್ನೆಲ್ಲ ಕೇಳಿ, "ಊರು ಯಾವುದಾದರೇನು, ಹಣ ಕೊಟ್ಟ ಮೇಲೇ ಕಾಗದ ಓದೋದು ನಮ್ಮ ಜನ" ಅಂದಳು.

ನಮ್ಮ ಮನೆಗೆ ಕೊನೆಗೂ ಅನುಮತಿ ಬಂತು. ದಾರಿಗೆಂದು ಪಕ್ಕದವರಿಂದ ಒಂದು ಪಟ್ಟಿ ನೆಲ ಕೊಂಡೆವು, ಅದಕ್ಕೂ ಉಪವಿಭಾಗ, ಅದಕ್ಕೂ ಹೊಸ ಪಟ್ಟಾ. ದೊಡ್ಡಪ್ಪ ಅದನ್ನೂ ಟ್ರಂಕಿಗೆ ಸೇರಿಸಿದರು. ಡಿಟಿಸಿಪಿಯ ಹಾಳೆಯನ್ನು ಮಾತ್ರ ಹೊರಗೇ ಬಿಟ್ಟರು, ಅದರಲ್ಲಿ ತಮ್ಮ ಹೆಸರು ಇಲ್ಲವೆಂದು. 2024ರಿಂದ 2,500 ಚದರ ಅಡಿಯೊಳಗಿನ ನಿವೇಶನದಲ್ಲಿ 3,500 ಚದರ ಅಡಿಯವರೆಗಿನ ಮನೆಗೆ ಸ್ವಯಂ ದೃಢೀಕರಣದ ಮೇಲೆ ಆನ್‌ಲೈನಿನಲ್ಲೇ ಅನುಮತಿ ಸಿಗುತ್ತದೆ. ಆದರೆ ನೆಲವೇ ಸರಿಯಿಲ್ಲದಿದ್ದರೆ ಆ ಸೌಕರ್ಯ ಒದಗದು. ಪಾಲಮಲೆಯ ಬುಡದಲ್ಲಿ ಅಗ್ಗದ ಸೈಟು ಇದೆ ಎಂದು ಯಾರಾದರೂ ಕರೆದರೆ ಮೊದಲು ಡಿಟಿಸಿಪಿ ಅನುಮೋದನೆಯ ನಂಬರು ಕೇಳಿ. ಕೊಡುವುದಕ್ಕೆ ತಡವರಿಸಿದರೆ ಅಡ್ವಾನ್ಸನ್ನು ಜೇಬಿನಿಂದ ತೆಗೆಯಬೇಡಿ.